ಹಿನ್ನೀರಾಗ ಮೋಟರ ತೇಲಸಾಕ ಅಗ್ಗದ ತೆಪ್ಪ: ಬ್ಯಾರಲ್ ಚೊಲೊನೋ, ಟ್ಯೂಬ್ ಚೊಲೊನೋ?

ಬೀಳಗಿ_ಹಿನ್ನೀರು
ಎಲ್ಲಾರಿಗೂ ನಮಸ್ಕಾರ್ರಿ. ನಮ್ಮ ಹೊಲ ಬೀಳಗಿ ತಾಲೂಕಿನಾಗ, ಆಲಮಟ್ಟಿ ಹಿನ್ನೀರಿನ ದಂಡಿಗೆ ಐತಿ. ಕಬ್ಬು ಹಚ್ಚೀವಿ. ಡ್ಯಾಮ್ 519.60 ಮೀಟರಿಗೆ ತುಂಬಿ ನಿಂತಾಗ ನೀರು ಬದುವಿನ ಬುಡಕ್ಕ ಇರ್ತೈತಿ. ಸಂಕ್ರಾಂತಿ ದಾಟಿತಂದ್ರ ಹಿಂದ ಸರಿಯಾಕ ಚಾಲೂ ಮಾಡ್ತೈತಿ, ಮೇ ತಿಂಗಳದಾಗ ನೀರು ಎಲ್ಲೈತಿ ಅಂತ ಹುಡುಕ್ಕೊಂಡು ಹೋಗಬೇಕು. ದಂಡಿಮ್ಯಾಲ ಕುಂಡ್ರಿಸಿದ ಮೋಟರ ಆರೇಳು ಮೀಟರಿಗಿಂತ ಕೆಳಗಿನ ನೀರು ಎಳಿಯೂದಿಲ್ಲ, ಹಂಗಾಗಿ ವರ್ಷಾ ಮೋಟರ, ಪೈಪ, ಕೇಬಲ್ ಎಲ್ಲಾ ರಾಡ್ಯಾಗ ಎಳಕೊಂಡು ಇಳಿಸೂದ ನಮ್ಮ ಹಣೇಬರ.

ಈ ಸಲ 5 ಎಚ್‌ಪಿ ಓಪನ್‌ವೆಲ್ ಸಬ್‌ಮರ್ಸಿಬಲ್ ತೊಗೊಂಡೀನಿ. ತಳಕ್ಕ ಇಟ್ರ ಹೂಳು ಎಳೀತೈತಿ. ತೆಪ್ಪ ಕಟ್ಟಿ ಅದರ ಕೆಳಗ ತೂಗಬಿಡೂದು ಅಂತ ವಿಚಾರ. ರೆಡಿಮೇಡ್ ಫ್ಲೋಟ್ ರೇಟ್ ಕೇಳಿದೆ, ಮೋಟರಿಗಿಂತ ಅದ ತುಟ್ಟಿ. ನನ್ನ ಹತ್ರ ಹಳೇ ಲಾರಿ ಟ್ಯೂಬ್ ಅದಾವ, ಬಿದಿರು ಅದಾವ, ಬೀಗರ ದ್ರಾಕ್ಷಿ ಪಡ ಕಿತ್ತಾಗ ಬಂದ ಆಂಗಲ್ ಅದಾವ. ಮೋಟರಿನ ಜಾಳಿಗಿಗೆ ಪಾಚಿ ಹಿಡಿದಾಗ ಒಬ್ರೋ ಇಬ್ರೋ ಅದರ ಮ್ಯಾಲ ಹೋಗಬೇಕಾಗ್ತೈತಿ. ಹ್ಯಾಂಗ ಕಟ್ಟಲಿ, ತಿಳಿದವರು ಹೇಳ್ರಿ.

ಬನಹಟ್ಟಿ_ವೆಲ್ಡರ್
ಟ್ಯೂಬ್ ಮರ್ತಬಿಡ್ರಿ. ಹಿನ್ನೀರಿನ ದಂಡಿ ತುಂಬ ಬಳ್ಳಾರಿ ಜಾಲಿ ಮುಳುಗಿರ್ತಾವ, ಒಂದು ಮುಳ್ಳು ಸಾಕು. ಮುಳ್ಳು ಬಿಟ್ರೂ ಬಿಸಲಿಗೆ ರಬ್ಬರ ಸೀಳತೈತಿ. ಒಂದ ದಿವಸ ಮೀನ ಹಿಡಿಯಾಕ ಹೋಗೋರಿಗೆ ಟ್ಯೂಬ್ ಸರಿ. ವರ್ಷಗಟ್ಲೆ ನೀರಾಗ ನಿಲ್ಲೂದಕ್ಕ 200 ಲೀಟರಿನ ನೀಲಿ ಪ್ಲಾಸ್ಟಿಕ್ ಬ್ಯಾರಲ್ ಬೇಕು. ಗುಜರಿ ಅಂಗಡ್ಯಾಗ ಸಾವಿರದ ಆಜೂಬಾಜೂ ಒಂದು ಸಿಗ್ತೈತಿ, ನಾಕು ತರ್ರಿ.

ತಿಕೋಟಾ_ದ್ರಾಕ್ಷಿ
ಬ್ಯಾರಲ್ ತರೂಮುಂದ ಮೊದಲ ಏನ ತುಂಬಿದ್ರು ಅಂತ ಕೇಳ್ರಿ. ನಮ್ಮ ಕಡೆ ದ್ರಾಕ್ಷಿಗೆ ಹೊಡಿಯೂ ಔಷಧದ ಬ್ಯಾರಲ್, ಕ್ಯಾನ್ ಗುಜರ್ಯಾಗ ಭಾಳ ಬೀಳ್ತಾವ. ಹೊರಗ ಥಳಥಳ ಅಂದ್ರೂ ಬೂಚಿನ ಸಂದ್ಯಾಗ ಔಷಧ ಉಳದಿರ್ತದ. ನೀವು ಅದನ್ನ ಇಡೂದು ಊರ ಮಂದಿ, ದನ ಕುಡಿಯೂ ನೀರಾಗ. ಮಸಾಲಿ, ಉಪ್ಪಿನಕಾಯಿ, ಗ್ಲುಕೋಸ್ ಪಾಕದ ಬ್ಯಾರಲ್ ಸಿಕ್ರ ಅವನ್ನೇ ತೊಗೋರಿ, ಮೂಸಿ ನೋಡಿದ್ರ ಗೊತ್ತಾಗ್ತದ.

ಬನಹಟ್ಟಿ_ವೆಲ್ಡರ್
ಅಕ್ಕಾರು ಖರೇ ಹೇಳ್ಯಾರ. ಅದರ ಜೋಡಿ ನಂದೊಂದು: ಕಬ್ಬಿಣದ ಬ್ಯಾರಲ್ ಅಗ್ಗ ಸಿಕ್ಕಿತಂತ ತಂದು ಅದಕ್ಕ ಕೊಂಡಿ ವೆಲ್ಡ್ ಮಾಡಿಕೊಡ್ರಿ ಅಂತ ಮಂದಿ ಬರ್ತಾರ. ಥಿನ್ನರ್, ಪೆಟ್ರೋಲ್, ಆಯಿಲ್ ತುಂಬಿದ ಬ್ಯಾರಲ್ ಎಷ್ಟ ತೊಳದ್ರೂ ಒಳಗ ಹವಾ ಉಳದಿರ್ತೈತಿ. ಕಿಡಿ ಬಿದ್ರ ಮುಚ್ಚಳ ಹಾರಿ ಎದಿಗೆ ಬಡೀತೈತಿ. ಸೀಲ್ ಆದ ಬ್ಯಾರಲ್ಲಿಗೆ ನಾನು ಟಾರ್ಚ್ ಹಚ್ಚೂದೇ ಇಲ್ಲ, ಯಾರು ಎಷ್ಟು ರೊಕ್ಕ ಕೊಟ್ರೂ.

ಗೋಕಾಕ_ಹುಡುಗ
ಥರ್ಮಾಕೋಲ್ ಯಾರೂ ಹೇಳಲಿಲ್ಲ? ಟಿವಿ, ಫ್ರಿಜ್ ಅಂಗಡ್ಯಾಗ ಫುಕಟ್ ಸಿಗ್ತೈತಿ. ತೂತು ಬಿದ್ರೂ ಮುಳುಗೂದಿಲ್ಲ.

ಬನಹಟ್ಟಿ_ವೆಲ್ಡರ್
ಮುಳುಗೂದಿಲ್ಲ, ಪುಡಿಪುಡಿ ಆಗ್ತೈತಿ. ಬಿಸಲು, ತೆರಿ, ಮೀನು ಎಲ್ಲಾ ಕೂಡಿ ತಿಂದ ಹಾಕ್ತಾವ. ಕಾಳು ಕಾಳಾಗಿ ನೀರ ತುಂಬ ತೇಲ್ತೈತಿ. ಪೆಟ್ರೋಲ್ ಹನಿ ಬಿತ್ತೋ, ಕರಗೇ ಹೋಗ್ತೈತಿ. ತಾಡಪತ್ರ್ಯಾಗ ಬಿಗಿ ಸುತ್ತಿದ್ರ ಒಂದು ಹಂಗಾಮು ನಡೀಬಹುದು.

ಲೆಕ್ಕದ_ಮಾಸ್ತರ
ಬೆಳಗಾವಿಯಿಂದ. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ, ಹಾಗಾಗಿ ಲೆಕ್ಕ ಬಿಡಲಾರೆ.

200 ಲೀಟರಿನ ಬ್ಯಾರಲ್ ಪೂರ್ತಿ ಮುಳುಗಿದರೆ 200 ಕೆಜಿ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೇ ತೂಕವನ್ನು ಹೊರುತ್ತದೆ. ನಾಲ್ಕಕ್ಕೆ 800. ಆದರೆ ಪೂರ್ತಿ ಮುಳುಗುವ ತನಕ ಹೇರುವವನು ತೆಪ್ಪ ಕಟ್ಟಬಾರದು. ಅರ್ಧ ಮುಳುಗಿದಾಗ ಎಷ್ಟು ಹೊರುತ್ತದೋ ಅದೇ ನಿಮ್ಮ ಮಿತಿ, ಅಂದರೆ 400. ಅದರಲ್ಲಿ ಬ್ಯಾರಲ್‌ಗಳ ಸ್ವಂತ ತೂಕ ಸುಮಾರು 36, ಆಂಗಲ್ ಚೌಕಟ್ಟು 60, ಮೇಲಿನ ಹಲಗೆ 40, ಮೋಟರ್ 60, ಇಬ್ಬರು ಆಳು 140. ಒಟ್ಟು 336. ಉಳಿದ 64 ಕೆಜಿ ಒದ್ದೆ ಹಗ್ಗಕ್ಕೆ, ಪಾಚಿಗೆ, ಹತ್ತಿ ಕುಳಿತೇ ತೀರುವ ಮೂರನೆಯವನಿಗೆ. ಮೋಟರ್ ನೀರಲ್ಲಿ ಮುಳುಗಿ ತೂಗುವುದರಿಂದ ಅದರ ಕಬ್ಬಿಣದ ತೂಕದಲ್ಲಿ ಏಳನೇ ಒಂದರಷ್ಟು ಕಡಿಮೆಯೂ ಆಗುತ್ತದೆ, ಅದನ್ನು ನಾನು ಎಣಿಸಿಲ್ಲ.

ಪೈಪಿನ ತೂಕದ ಬಗ್ಗೆ ಯಾರಾದರೂ ಕೇಳುತ್ತಾರೆ. ಮೂರು ಇಂಚಿನ ಪೈಪಿನಲ್ಲಿ ಮೀಟರಿಗೆ ನಾಲ್ಕೂವರೆ ಕೆಜಿ ನೀರು ಇರುತ್ತದೆ. ಕರಿ ಎಚ್‌ಡಿಪಿಇ ಪೈಪನ್ನು ನೀರಿನ ಮೇಲೆ ಮಲಗಿಸಿ ಒಯ್ದರೆ ಆ ತೂಕ ತೆಪ್ಪದ ಮೇಲೆ ಬೀಳುವುದಿಲ್ಲ, ನೀರೇ ಹೊತ್ತುಕೊಳ್ಳುತ್ತದೆ. ನೀರಿನಿಂದ ಮೇಲೆ ಎತ್ತಿ ಕಟ್ಟಿದ ತುಂಡಿನ ಭಾರ ಮಾತ್ರ ನಿಮ್ಮದು.

ಬೀಳಗಿ_ಹಿನ್ನೀರು
ಸರ, ಲೆಕ್ಕ ತಿಳೀತು. ಅಂದ್ರ ನಾಕು ಬ್ಯಾರಲ್ ಒತ್ತೊತ್ತಿ ಜೋಡಿಸಿ ಮ್ಯಾಲ ದೊಡ್ಡ ಹಲಗಿ ಹಾಕಿದ್ರ ಮುಗೀತಲ್ರಿ?

ಲೆಕ್ಕದ_ಮಾಸ್ತರ
ಇಲ್ಲ, ಅಲ್ಲೇ ಇರುವುದು ಅಪಾಯ. ತೇಲುವುದು ಸುಲಭ, ಮಗುಚದೆ ಇರುವುದು ಬೇರೆ ವಿಷಯ. ಎರಡೆರಡು ಬ್ಯಾರಲ್‌ಗಳ ಎರಡು ಸಾಲು ಅಂದುಕೊಳ್ಳಿ, ಹಲಗೆಯ ಅಗಲ 1.8 ಮೀಟರ್. ಸಾಲುಗಳನ್ನು ಹಲಗೆಯ ಎರಡೂ ಅಂಚಿಗೆ ದೂಡಿದರೆ ಅವುಗಳ ನಡುಗೆರೆಗಳ ಅಂತರ 1.22 ಮೀಟರ್ ಬರುತ್ತದೆ. 70 ಕೆಜಿಯ ಒಬ್ಬ ಒಂದು ಅಂಚಿಗೆ ಬಂದು ಬಗ್ಗಿ ನಿಂತ ಎನ್ನಿ. ಆ ಕಡೆಯ ಸಾಲಿಗೆ 87 ಕೆಜಿ ಹೆಚ್ಚಾಗುತ್ತದೆ, ಈಚೆ ಕಡೆಯ ಸಾಲು 17 ಕೆಜಿ ಹಗುರಾಗುತ್ತದೆ. ಸ್ವಲ್ಪ ವಾಲುತ್ತದೆ ಅಷ್ಟೆ.

ಅದೇ ಸಾಲುಗಳನ್ನು ಒಂದಕ್ಕೊಂದು ತಾಗಿಸಿ ನಡುವೆ ಇಟ್ಟರೆ ಅಂತರ 0.6 ಮೀಟರಿಗೆ ಇಳಿಯುತ್ತದೆ. ಅದೇ ಮನುಷ್ಯ, ಅದೇ ಅಂಚು. ಈಗ ಅವನ ಕಡೆ 140 ಹೆಚ್ಚು, ಆಚೆ ಕಡೆ 70 ಕಡಿಮೆ. ಇಬ್ಬರೂ ಒಂದೇ ಬದಿಗೆ ಬಂದರೆ ಆಚೆ ಸಾಲು ನೀರು ಬಿಟ್ಟು ಏಳುತ್ತದೆ. ಬ್ಯಾರಲ್ ಅಷ್ಟೇ, ಖರ್ಚು ಅಷ್ಟೇ. ಜಾಗ ಬದಲಾದದ್ದು ಮಾತ್ರ.

ಬನಹಟ್ಟಿ_ವೆಲ್ಡರ್
ಮಾಸ್ತರ್ರ ಲೆಕ್ಕ ನನ್ನ ಕೆಲಸಕ್ಕ ಹೊಂದತೈತಿ. ಎರಡು ಸಾಲಿನ ನಡುವ ಎರಡು ಅಡಿ ಜಾಗ ಉಳೀತೈತಲ್ಲ, ಮೋಟರ ಅಲ್ಲೇ ತೂಗಬಿಡ್ರಿ.

ಈಗ ಕಟ್ಟೂ ಮಾತು. ಬ್ಯಾರಲ್ಲಿಗೆ ಹಗ್ಗ ಸುತ್ತಿ ಹಲಗಿಗೆ ಕಟ್ಟಿದ್ರ ಆತು ಅಂತ ಎಲ್ಲಾರೂ ತಿಳದಿರ್ತಾರ. ಬ್ಯಾರಲ್ ನುಣ್ಣಗ ಇರ್ತೈತಿ, ತೆರಿಗೆ ಹೊಳ್ಳಿ ಹೊಳ್ಳಿ ಹಗ್ಗದಿಂದ ನುಸುಳಿ ಹೊರಗ ಬರ್ತೈತಿ. ಒಂದು ಹ್ವಾತಂದ್ರ ಆ ಮೂಲಿ ಕುಸೀತೈತಿ, ಉಳದದ್ದು ತಾನ ಹೊಳ್ಳತೈತಿ. ಅದಕ್ಕ ಪ್ರತಿ ಸಾಲಿನ ಮ್ಯಾಲ ಉದ್ದಕ ಎರಡು ಆಂಗಲ್ ಓಡಸ್ರಿ, ಎರಡರ ನಡುವ 35–40 ಸೆಂಟಿಮೀಟರ್ ಬಿಡ್ರಿ. ಬ್ಯಾರಲ್ ದಪ್ಪ 58 ಸೆಂಟಿಮೀಟರ್ ಇರ್ತೈತಿ, ಹಂಗಾಗಿ ಅದು ಕೆಳಗಿಂದ ಒತ್ತಿ ಆ ಸಂದ್ಯಾಗ ತಾನ ಕುಂಡ್ರತೈತಿ, ಪಲ್ಯೇದ ಗಡಿಗಿ ಸಿಂಬಿಮ್ಯಾಲ ಕುಂತಂಗ. ನೀರ ಅದನ್ನ ಮ್ಯಾಲಕ್ಕ ಒತ್ತಿ ಹಿಡೀತೈತಿ, ಹಗ್ಗದ ಕೆಲಸ ಕಡಿಮಿ ಆಗ್ತೈತಿ. ಸಾಲಿನ ಎರಡೂ ತುದಿಗೆ ಅಡ್ಡ ಪಟ್ಟಿ ಹಚ್ರಿ, ಹಿಂದ ಮುಂದ ಜಾರಬಾರದು. ಆಂಗಲ್ಲಿನ ಅಂಚು ಪ್ಲಾಸ್ಟಿಕ್ ಕೊರಿಯದಂಗ ಹಳೇ ಡ್ರಿಪ್ ಪೈಪ ಸೀಳಿ ತೊಡಸ್ರಿ.

ವೆಲ್ಡಿಂಗ್ ಎಲ್ಲಾ ಬ್ಯಾರಲ್ ಇಡೂಕಿಂತ ಮೊದಲ ಮುಗಸ್ರಿ. ಇದನ್ನ ಹೇಳಬೇಕಾಗ್ತೈತಿ, ನಗಬ್ಯಾಡ್ರಿ.

ಕೃಷ್ಣಾದಂಡಿ
ತಮ್ಮಾ, ನಾವು ಕೊಲ್ಹಾರದವರು. ಡ್ಯಾಮ್ ಆಗೂಕಿಂತ ಮೊದಲಿನ ಹೊಳಿ ನೋಡೀನಿ. ಆವಾಗ ಎಲ್ಲಿ ಬ್ಯಾರಲ್, ಎಲ್ಲಿ ಆಂಗಲ್? ಬಿದರಿನ ಹರಗೋಲು ಇತ್ತು, ಹಿರ್ಯಾರ ಕಾಲಕ್ಕ ಅದಕ್ಕ ತೊಗಲು ಹೊದಸ್ತಿದ್ರು, ಆಮ್ಯಾಲ ಪ್ಲಾಸ್ಟಿಕ್ ಚೀಲ ಹಚ್ಚಿ ಡಾಂಬರ ಬಡ್ಯಾಕ ಹತ್ತಿದ್ರು. ನೆರಿ ಬಂದಾಗ ಬಾಳಿದಿಂಡು ಕಡದು, ಬಿದರ ಗೂಟ ಚುಚ್ಚಿ ತೆಪ್ಪ ಮಾಡೂದು. ಎಂಟ ದಿನಕ್ಕ ಕೊಳೀತದ, ಆದ್ರ ಎಂಟ ದಿನ ಸಾಕಾಗ್ತಿತ್ತು. ಒಬ್ಬಂಟಿ ದಾಟವರು ಒಣಗಿದ ಸೋರಿ ಬುರಡಿ ಟೊಂಕಕ್ಕ ಕಟ್ಕೊಂಡು ಇಳೀತಿದ್ರು. ಇದೇನು ಹಳೇ ಕತಿ ಅಲ್ಲ. 2014ರಾಗ ಯಾದಗಿರಿ ಜಿಲ್ಲಾದ ನೀಲಕಂಠರಾಯನಗಡ್ಡಿಯಿಂದ ತುಂಬು ಗರ್ಭಿಣಿ ಒಬ್ಬಾಕಿ ಬುರಡಿ ಕಟ್ಕೊಂಡು ತುಂಬಿದ ಕೃಷ್ಣಾ ಈಜಿ ದಾಟಿದ್ಳು, ಪೇಪರಿನಾಗ ಬಂದಿತ್ತು.

ಹಗ್ಗದ ಮಾತು ನನಗ ಬಿಡ್ರಿ. ಪುಂಡಿ ಹಗ್ಗ ನೀರ ಕುಡದ್ರ ಉಬ್ಬಿ ಬಿಗೀತದ, ನೈಲಾನ್ ನೀರ ಕುಡದ್ರ ಸಡ್ಲಾಗ್ತದ. ಅದಕ್ಕ ನೈಲಾನ್ ಹಗ್ಗದಿಂದ ಕಟ್ಟವ್ರು ಅದನ್ನ ಮೊದಲ ನೀರಾಗ ನೆನಸಿ, ಹಸಿ ಇದ್ದಾಗ ಜಗ್ಗಿ ಕಟ್ಟಬೇಕು. ಬಿದಿರಿಗೆ ಬಿದಿರು ಅಡ್ಡ ಕಟ್ಟೂಮುಂದ ಸುತ್ತು ಹಾಕಿ ಗಂಟು ಹೊಡದು ಬಿಡಬ್ಯಾಡ್ರಿ. ಎರಡು ಬಿದಿರಿನ ನಡುವ, ಮೊದಲಿನ ಸುತ್ತಿನ ಮ್ಯಾಲ ಅಡ್ಡ ಸುತ್ತು ಹಾಕಿ ಹಿಂಡಬೇಕು. ಆ ಹಿಂಡೂ ಸುತ್ತ ಇಲ್ಲಂದ್ರ ನಾಕು ದಿನಕ್ಕ ಗೇಣು ಸಡ್ಲ.

ತಿಕೋಟಾ_ದ್ರಾಕ್ಷಿ
ಕಾಕಾರ, ಕೊಲ್ಹಾರದ ಗಡಿಗಿ ಮೊಸರು ಕಳಸ್ರಿ ಅಂತ ಕೇಳೂದಿತ್ತು, ಇರಲಿ.

ನಂದು ಹೊಳಿ ಅಲ್ಲ, ಕೃಷಿ ಹೊಂಡ. ಪ್ಲಾಸ್ಟಿಕ್ ಹಾಸಿದ್ದು. ಅದರಾಗ ಬಿದ್ದವರು ಈಜು ಬಂದ್ರೂ ಹತ್ತಿ ಬರೂದಿಲ್ಲ, ಹಾಳಿಮ್ಯಾಲ ಪಾಚಿ ಕೂತು ಕಾಲು ನಿಲ್ಲೂದಿಲ್ಲ. ಹೊಂಡಕ್ಕ ತೆಪ್ಪ ಬ್ಯಾಡ, ಆದ್ರ ಈ ಚರ್ಚಾ ಓದೂ ರೈತರಿಗೆ ಹೇಳ್ತೀನಿ: 5 ಲೀಟರ್ ಎಣ್ಣಿ ಕ್ಯಾನು ಮುಚ್ಚಳ ಬಿಗಿ ಮಾಡಿ ದಪ್ಪ ಹಗ್ಗಕ್ಕ ಅಲ್ಲಲ್ಲಿ ಕಟ್ರಿ, ಹಗ್ಗ ಹೊಂಡದ ಈ ದಂಡಿಯಿಂದ ಆ ದಂಡಿಗೆ ನೀರ ಮ್ಯಾಲ ಬಿಡ್ರಿ. ನಾಕು ಮೂಲಿಗೆ ಗಂಟು ಹಾಕಿದ ಹಗ್ಗ ಇಳಿಬಿಡ್ರಿ. ಒಂದು ಕ್ಯಾನ್ ಐದು ಕೆಜಿ ಎತ್ತತದ, ಮನುಷ್ಯಾನ ತಲಿ ನೀರಿನ ಮ್ಯಾಲ ಹಿಡಿಯಾಕ ಎರಡು ಕ್ಯಾನ್ ಇದ್ರ ಸಾಕು. ಮನಿಯಾಗ ಬಿದ್ದ ಕ್ಯಾನು, ರೊಕ್ಕ ಇಲ್ಲ.

ಲೆಕ್ಕದ_ಮಾಸ್ತರ
ಇಡೀ ಚರ್ಚೆಯಲ್ಲಿ ಎಲ್ಲರೂ ಮಾಡಬೇಕಾದ ಕೆಲಸ ಇದು. ಮೇಲಿನ ಉತ್ತರವನ್ನು ನಿಮ್ಮ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ.

ಕ್ಯಾನಿನ ಮಾತು ಬಂದದ್ದಕ್ಕೆ ಇನ್ನೊಂದು. ಬ್ಯಾರಲ್ಲಿನ ಬಾಯಿ ಪೂರ್ತಿ ತೆರೆಯುವ ರಿಂಗ್ ಮುಚ್ಚಳದ್ದಾದರೆ ಅದರೊಳಗೆ ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳನ್ನು ಮುಚ್ಚಳ ಬಿಗಿದು ತುಂಬಿಬಿಡಿ. ಆಮೇಲೆ ಬ್ಯಾರಲ್ ಸೀಳಿದರೂ ಅರ್ಧಕ್ಕಿಂತ ಹೆಚ್ಚು ಎತ್ತುವ ಶಕ್ತಿ ಬಾಟಲಿಗಳಲ್ಲಿ ಉಳಿಯುತ್ತದೆ. ಮದುವೆ ಛತ್ರದ ಹಿಂದೆ ಹೋದರೆ ಒಂದೇ ಬೆಳಗ್ಗೆ ಚೀಲಗಟ್ಟಲೆ ಸಿಗುತ್ತವೆ.

ಬೀಳಗಿ_ಹಿನ್ನೀರು
ನನಗ ಸಿಕ್ಕದ್ದು ಸಣ್ಣ ಬೂಚಿನ ಬ್ಯಾರಲ್ರಿ, ಎರಡು ಬೂಚು ಎದರಾಬದರಾ ಅದಾವ. ಬಾಟಲಿ ಒಳಗ ಹೋಗೂದಿಲ್ಲ.

ಬನಹಟ್ಟಿ_ವೆಲ್ಡರ್
ಹಂಗಾದ್ರ ಬ್ಯಾರಲ್ ಮಲಗಿಸೂಮುಂದ ಎರಡೂ ಬೂಚು ಅಡ್ಡ ಗೆರಿಮ್ಯಾಲ ಬರೂಹಂಗ ಹೊಳ್ಳಸ್ರಿ, ಒಂದು ಮ್ಯಾಲ ಒಂದು ಕೆಳಗ ಆಗಬಾರದು. ಮಾಸ್ತರ್ರು ಹೇಳಿದಂಗ ಅರ್ಧಕ್ಕಿಂತ ಕಡಿಮಿ ಮುಳುಗಿದ್ರ ಎರಡೂ ಬೂಚು ನೀರಿನ ಮ್ಯಾಲ ಉಳೀತಾವ. ಟೆಫ್ಲಾನ್ ಟೇಪ್ ಸುತ್ತಿ ಬಿಗೀರಿ. ಬಿಗಿಯೂದು ಮುಂಜಾನಿ ತಂಪಿನಾಗ, ಉರಿ ಬಿಸಲಾಗ ಅಲ್ಲ. ಬಿಸಿ ಹವಾ ಒಳಗ ಮುಚ್ಚಿ ನೀರಿಗೆ ಬಿಟ್ರ ತಣ್ಣಗಾಗಿ ಬ್ಯಾರಲ್ ಒಳಗ ಜಗ್ಗತೈತಿ, ಬೂಚಿನ ಸಂದ್ಯಾಗ ನೀರು ಎಳಕೋತೈತಿ.

ವೈರಮನ್_ಜಮಖಂಡಿ
ಇಷ್ಟೊತ್ತು ಓದಿದೆ. ಕರೆಂಟಿನ ಮಾತು ಒಬ್ರೂ ತೆಗೀಲಿಲ್ಲ.

415 ವೋಲ್ಟ್ ಮೂರು ಫೇಸ್ ನೀರಾಗ ಒಯ್ಯಾಕ ಹತ್ತೀರಿ, ಮ್ಯಾಲ ಕಬ್ಬಿಣದ ಚೌಕಟ್ಟು, ಅದರ ಮ್ಯಾಲ ಹಸಿ ಕಾಲಿನ ಮನುಷ್ಯ. ಸ್ಟಾರ್ಟರ್ ಪೆಟಿಗಿ ದಂಡಿಮ್ಯಾಲ ಇರಬೇಕು, ತೆಪ್ಪದ ಮ್ಯಾಲ ಯಾವ ಪೆಟಿಗಿನೂ ಬ್ಯಾಡ. ಮೋಟರದಿಂದ ದಂಡಿತನಕ ಕೇಬಲ್ ಒಂದ ತುಂಡು ಇರ್ಲಿ, ನಡುವ ಜೋಡಣಿ ಬ್ಯಾಡ. ಜೋಡಣಿಗೆ ಟೇಪ್ ಸುತ್ತಿ ನೀರಾಗ ಬಿಟ್ಟೋರ ಕತಿ ನಮ್ಮ ಕಡೆ ಎಲ್ಲಾ ಊರಾಗೂ ಐತಿ. ನಾಕು ಕೋರಿನ ಕೇಬಲ್ ತೊಗೋರಿ, ನಾಕನೇದು ಅರ್ಥಿಂಗ್, ಅದನ್ನ ಮೋಟರ ಮೈಗೂ ತೆಪ್ಪದ ಚೌಕಟ್ಟಿಗೂ ಎರಡಕ್ಕೂ ಹಚ್ಚಬೇಕು. ದಂಡ್ಯಾಗ 30 ಮಿಲಿಆಂಪಿನ ಇಎಲ್‌ಸಿಬಿ ಕೂಡಸ್ರಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಟ್ ಮಾಡೂ ಸ್ವಿಚ್ ಅದು. ಸುಮ್ಮಸುಮ್ಮನ ಟ್ರಿಪ್ ಆಗ್ತೈತಿ ಅಂತ ಕಿತ್ತು ಒಗಿಯವರು ಅದಾರ. ಸುಮ್ಮಸುಮ್ಮನ ಟ್ರಿಪ್ ಆಗ್ತಿದ್ರ ಎಲ್ಲೋ ಸೋರಾಕ ಹತ್ತೈತಿ ಅಂತ ಅರ್ಥ, ಹುಡುಕ್ರಿ.

ತೆಪ್ಪ ಹತ್ತೂಮುಂದ ಫ್ಯೂಜ್ ಕಿತ್ತು ಕಿಸೆದಾಗ ಇಟ್ಕೊಂಡು ಹತ್ರಿ. ನಮ್ಮ ಕಡೆ ಹೊಲಕ್ಕ ಕರೆಂಟ್ ಯಾವಾಗ ಬರ್ತೈತಿ ಅಂತ ದೇವರಿಗೂ ಗೊತ್ತಿಲ್ಲ, ಆಟೋ ಸ್ಟಾರ್ಟರ್ ಇದ್ರಂತೂ ನೀವು ಜಾಳಿಗ್ಯಾಗ ಕೈ ಇಟ್ಟಾಗ ಚಾಲೂ ಆಗ್ತೈತಿ.

ಬೀಳಗಿ_ಹಿನ್ನೀರು
ಆಟೋ ಸ್ಟಾರ್ಟರ್ ಐತ್ರಿ. ಫ್ಯೂಜ್ ಮಾತು ಮನಿಯಾಗ ಎಲ್ಲಾರಿಗೂ ಹೇಳಿಟ್ಟೆ.

ಗೋಕಾಕ_ಹುಡುಗ
ಇದೆಲ್ಲಾ ಓದಿ ನಮ್ಮ ಗೆಳ್ಯಾರಿಗೂ ಹುರುಪು ಬಂದೈತಿ. ನಾವು ಆರು ಮಂದಿ, ಇದೇ ಅಳತಿ ತೆಪ್ಪ ಕಟ್ಟಿ ಮಳಿಗಾಲದಾಗ ಘಟಪ್ರಭಾದಾಗ ಬಿಡಬೇಕಂತ. ವಿಡಿಯೋ ಚೊಲೊ ಬರ್ತೈತಿ.

ಕೃಷ್ಣಾದಂಡಿ
ಘಟಪ್ರಭಾದಾಗ ಬಿಟ್ರ ಎಲ್ಲಿ ಹೋಗಿ ಇಳಿಯವ್ರಪಾ? ಗೋಕಾಕ ಫಾಲ್ಸ್ 171 ಅಡಿ ಅದ.

ಲೆಕ್ಕದ_ಮಾಸ್ತರ
ಫಾಲ್ಸ್‌ನ ಕೆಳಗೆ ಬಿಡುತ್ತೇವೆ ಅನ್ನುತ್ತೀರಿ, ಗೊತ್ತು. ಅಲ್ಲಿಂದ ಮುಂದೆ ಬಾಂದಾರಗಳಿವೆ, ಅಂದರೆ ಹೊಳೆಗೆ ಅಡ್ಡ ಕಟ್ಟಿದ ಗಿಡ್ಡ ಗೋಡೆಗಳು. ಮಳೆಗಾಲದಲ್ಲಿ ನೀರು ಬಾಂದಾರದ ಮೇಲೆ ಹರಿಯುವಾಗ ಮೇಲಿನಿಂದ ನೋಡಿದವರಿಗೆ ಒಂದು ಸಣ್ಣ ಇಳಿಜಾರು ಅಷ್ಟೇ ಕಾಣುತ್ತದೆ. ಧುಮುಕಿದ ನೀರು ಬುಡದಲ್ಲಿ ಸುರುಳಿ ತಿರುಗಿ ಮತ್ತೆ ಗೋಡೆಯ ಕಡೆಗೇ ಬರುತ್ತದೆ. ಅದರೊಳಗೆ ಸಿಕ್ಕ ತೆಪ್ಪ, ಮನುಷ್ಯ, ಮರದ ದಿಮ್ಮಿ ಯಾವುದೂ ಹೊರಗೆ ಬರದೆ ಅಲ್ಲೇ ಉರುಳುತ್ತಿರುತ್ತವೆ. ಲೈಫ್ ಜಾಕೆಟ್ ಹಾಕಿದವನನ್ನೂ ಅದು ಬಿಡುವುದಿಲ್ಲ. ಇನ್ನು ಲೆಕ್ಕ: ಆರು ಜನ ಅಂದರೆ 420 ಕೆಜಿ. ಮೇಲಿನ ಮಿತಿ ಬ್ಯಾರಲ್, ಚೌಕಟ್ಟು ಎಲ್ಲ ಸೇರಿ 400.

ಹುರುಪು ಇರಲಿ. ಬೇಸಿಗೆಯಲ್ಲಿ, ನಿಂತ ನೀರಿನಲ್ಲಿ, ಎದೆಮಟ್ಟದ ಆಳದಲ್ಲಿ, ದಂಡೆಗೆ ಹಗ್ಗ ಕಟ್ಟಿ, ಇಬ್ಬಿಬ್ಬರೇ ಹತ್ತಿ ಆಡಿ. ವಿಡಿಯೋ ಅದರಲ್ಲೂ ಬರುತ್ತದೆ.

ಗೋಕಾಕ_ಹುಡುಗ
ಆತ್ರಿ ಸರ. 😐

ಕೃಷ್ಣಾದಂಡಿ
ಬೀಳಗಿ ತಮ್ಮಾ, ತೆಪ್ಪ ಹ್ಯಾಂಗ ನಿಲ್ಲಸ್ತಿ ಅಂತ ಯಾರೂ ಕೇಳಲಿಲ್ಲ. ಕಟ್ಟೂದರಾಗ ಎಲ್ಲಾರೂ ಶಾಣ್ಯಾರು, ಗೂಟಕ್ಕ ಬಿಗಿಯೂದ್ರಾಗ ಹಾಳಾಗೂದು.

ಹಿನ್ನೀರು ಸುಮ್ಮ ನಿಂತ ನೀರ ಅಂತ ತಿಳೀಬ್ಯಾಡ. ಜೂನ್–ಜುಲೈದಾಗ ಪಡುವಣ ಗಾಳಿ ಬಿಟ್ಟಿತಂದ್ರ ಅಷ್ಟಗಲ ನೀರಿನ ಮ್ಯಾಲ ತೆರಿ ಎದ್ದು ಬರ್ತಾವ. ಆ ಹೊತ್ತಿಗೇ ಮಹಾರಾಷ್ಟ್ರದಾಗ ಮಳಿ ಹತ್ತಿ ಕೊಯ್ನಾ ಡ್ಯಾಮಿನ ನೀರು ಬಿಡ್ತಾರ, ಹಿಪ್ಪರಗಿ ಬ್ಯಾರೇಜ್ ದಾಟಿ ನಮ್ಮ ಕಡೆ ಬರ್ತದ. 2019ರ ಆಗಸ್ಟ್ ನೆನಪಿರಬೇಕಲ್ಲ, ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಮ್ಮೆಲೇ ಬಂದಿದ್ವು.

ದಂಡ್ಯಾಗಿನ ಗೂಟಕ್ಕ ಗಿಡ್ಡ ಹಗ್ಗ ಬಿಗದ್ರ ನೀರು ಏರಿದಾಗ ತೆಪ್ಪ ಏರಾಕ ಆಗೂದಿಲ್ಲ, ಹಗ್ಗ ಅದರ ಮೂಗು ಹಿಡದು ಕೆಳಗ ಜಗ್ಗತದ. ದಂಡಿಗೆ ಎರಡು ಹಗ್ಗ, ಬಿಚ್ಚಿದ ಕೈಯಂಗ ಅಗಲಾಗಿ. ಒಳಗಿನ ಕಡೆ ಒಂದು ಲಂಗರು, ಉಸುಕು ತುಂಬಿದ ಚೀಲ ಎರಡು ಮೂರು ಕೂಡಿ ಕಟ್ಟಿದ್ರ ನಡೀತದ. ಅದರ ಹಗ್ಗ ಆಳದ ಮೂರು ಪಟ್ಟು ಉದ್ದ ಇರ್ಲಿ. ಗಂಟು ಒಂದ ಕೈಲೆ ಬಿಚ್ಚೂವಂಥಾದ್ದು ಹಾಕು. ನೀರು ಬಿಡ್ತಾರ ಅಂತ ಸುದ್ದಿ ಬಂದ ಕೂಡಲೇ ತೆಪ್ಪ ದಂಡಿಗೆ ಎಳಕೊ, ಮೋಟರ ಬಿಚ್ಚು. ನೀರು ಬಂದ ಮ್ಯಾಲ ಅಲ್ಲ.

ಮತ್ತ ಕಾಲು ನೀರಾಗ ಇಳಿಬಿಟ್ಟು ಕುಂಡ್ರಬ್ಯಾಡ. ಕೃಷ್ಣಾದಾಗ ಮೊಸಳಿ ಅದಾವ, ನಿನಗೂ ಗೊತ್ತು.

ತಿಕೋಟಾ_ದ್ರಾಕ್ಷಿ
ಹಗ್ಗ, ಲೆಕ್ಕ ಎಲ್ಲಾ ಆತು. ಹತ್ತಾವ್ರಿಗೆ ಲೈಫ್ ಜಾಕೆಟ್ ತೊಗೊಂಡೀರೇನು? ಅದನ್ನ ಗುಜರ್ಯಾಗ ಹುಡುಕಬ್ಯಾಡ್ರಿ. ತೆಪ್ಪದಾಗ ಅಗ್ಗ ಮಾಡ್ರಿ, ಅದರಾಗ ಬ್ಯಾಡ.

ಬೀಳಗಿ_ಹಿನ್ನೀರು
ಎರಡು ತೊಗೊಂಡೆ ಅಕ್ಕಾರ, ಬಾಗಲಕೋಟಿಯಾಗ ಸಿಕ್ವು.

ತೆಪ್ಪ ನೀರಿಗೆ ಇಳದೈತಿ. ನಾಕು ಬ್ಯಾರಲ್, ಎರಡು ಸಾಲು ಅಂಚಿಗೆ ದೂಡಿ, ನಡುವ ಮೋಟರ. ಆಂಗಲ್ ಮನೀದು, ವೆಲ್ಡಿಂಗ್ ಕೂಲಿ ಅಷ್ಟ ಕೊಟ್ಟೆ. ಹಲಗಿ ಬದಲು ಬಿದಿರು ಸೀಳಿ ಹಾಸೀನಿ, ನಡುವ ಸಂದಿ ಬಿಟ್ಟೀನಿ, ತೆರಿ ನೀರು ಕೆಳಗ ಇಳೀತೈತಿ. ಮೋಟರಿಗೆ ಸಂತಿ ಪ್ಲಾಸ್ಟಿಕ್ ಬುಟ್ಟಿ ತೊಡಸಿ ಅದರ ಮ್ಯಾಲ ಸೊಳ್ಳಿ ಪರದೆ ಸುತ್ತೀನಿ, ಪಾಚಿ ಪರದೆಗೆ ಹಿಡೀತೈತಿ, ಜಾಳಿಗಿತನಕ ಹೋಗೂದಿಲ್ಲ. ನೀರು ತಿಳಿ ಬರಾಕ ಹತ್ತೈತಿ, ಡ್ರಿಪ್ ಫಿಲ್ಟರ್ ತೊಳಿಯೂ ಕೆಲಸ ಅರ್ಧ ಉಳದೈತಿ. ನಾವಿಬ್ರೂ ನಿಂತ್ರ ಬ್ಯಾರಲ್ ಅರ್ಧಕ್ಕಿಂತ ಸ್ವಲ್ಪ ಕಡಿಮಿ ಮುಳುಗತಾವ, ಮಾಸ್ತರ್ರ ಲೆಕ್ಕ ಬೆರಳಿನಷ್ಟೂ ತಪ್ಪಿಲ್ಲ.

ಒಂದು ಉಳದೈತಿ. ಒಂದು ಬ್ಯಾರಲ್ಲಿನ ಬೂಚಿಗೆ ವಾಶರ್ ಇಲ್ಲ. ಟೆಫ್ಲಾನ್ ಮ್ಯಾಲ ಸದ್ಯ ನಿಂತೈತಿ. ಬರೇ ವಾಶರ್ ಎಲ್ಲಿ ಸಿಗ್ತೈತ್ರಿ?

ಬನಹಟ್ಟಿ_ವೆಲ್ಡರ್
ಎಲ್ಲೂ ಹುಡುಕಬ್ಯಾಡ್ರಿ. ನಿಮ್ಮ ಹತ್ರ ಲಾರಿ ಟ್ಯೂಬ್ ಅದಾವಲ್ಲ, ಈಗ ಅವು ಕೆಲಸಕ್ಕ ಬಂದ್ವು. ಬೂಚಿಟ್ಟು ಗೆರಿ ಹಾಕಿ ಕತ್ತರಸ್ರಿ, ಎರಡು ಪದರ ಹಾಕ್ರಿ. ಉಳದ ಟ್ಯೂಬಿನ ಪಟ್ಟಿ ಸೀಳಿ ಪೈಪ ಚೌಕಟ್ಟಿಗೆ ಬಡಿಯೂ ಜಾಗಾಕ್ಕ ಸುತ್ರಿ.